ಚಿಕ್ಕ ತೊರೆಗೆ ಎಷ್ಟು ಬೆಲೆಯ ಕೋಲು ಬೇಕು?

ಒಂದು ಗಾಳದ ಕೋಲಿಗೆ ಸಾವಿರ ಡಾಲರ್! ನಮ್ಮ ಲೆಕ್ಕದಲ್ಲಿ ಎಂಬತ್ತು ಸಾವಿರ ರೂಪಾಯಿಗೂ ಹೆಚ್ಚು. ಅಮೆರಿಕದಲ್ಲಿ ಹೆಸರಾಂತ ಕಂಪೆನಿಗಳ ಫ್ಲೈ ರಾಡ್‌ಗಳು ಈ ಬೆಲೆಗೆ ಮಾರಾಟವಾಗುತ್ತವೆ, ಕೊಳ್ಳುವವರೂ ಇದ್ದಾರೆ. ನೇತ್ರಾವತಿ, ಫಲ್ಗುಣಿಯ ದಡದಲ್ಲಿ ಬಿದಿರಿನ ಕೋಲಿಗೆ ತಂಗೀಸು ಕಟ್ಟಿ, ಎರೆಹುಳು ಸಿಕ್ಕಿಸಿ ಮೀನು ಹಿಡಿದು ಬೆಳೆದವರಿಗೆ ಇದು ನಗು ತರಿಸುವ ಸಂಗತಿ. ಆದರೆ ಮನೆಯ ಮಗ ಅಂಥದ್ದೇ ಕೋಲು ಬೇಕೆಂದು ಹಠ ಹಿಡಿದರೆ ತಾಯಿಗೆ ನಗು ಬರುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮದುವೆಯಾಗಿ ಈಗ ಟೆನ್ನೆಸ್ಸಿ ರಾಜ್ಯದ ನಾಕ್ಸ್‌ವಿಲ್ ನಗರದಲ್ಲಿದ್ದಾಳೆ. ಪತಿ ಸಂಶೋಧನಾ ವಿದ್ಯಾರ್ಥಿ. ಸಿಗುವ ಭತ್ಯೆಯಲ್ಲೇ ಬಾಡಿಗೆ, ದಿನಸಿ, ಊರಿಗೆ ಕಳಿಸುವ ಹಣ ಎಲ್ಲವೂ ಆಗಬೇಕು. ಹನ್ನೆರಡು ವರ್ಷದ ಮಗ ಮೊಬೈಲ್ ಬಿಟ್ಟು ಕದಲುತ್ತಿರಲಿಲ್ಲ. ನೆರೆಮನೆಯ ವೃದ್ಧರೊಬ್ಬರು ಒಂದು ದಿನ ತಂದೆ ಮಗ ಇಬ್ಬರನ್ನೂ ಬೆಟ್ಟದ ತೊರೆಗೆ ಕರೆದೊಯ್ದರು. ಅಂದಿನಿಂದ ಹುಡುಗನಿಗೆ ಮೀನಿನದ್ದೇ ಧ್ಯಾನ. "ಉಸ್ತಾದ್, ಅವನು ಮೊಬೈಲ್ ಕೆಳಗಿಟ್ಟದ್ದೇ ನಮಗೆ ದೊಡ್ಡ ಸಂತೋಷ. ಬೇಡ ಅನ್ನಲು ಮನಸ್ಸು ಬರುವುದಿಲ್ಲ. ಆದರೆ ಅವನು ತೋರಿಸುವ ಕೋಲಿನ ಬೆಲೆ ನಮ್ಮ ಒಂದು ತಿಂಗಳ ಬಾಡಿಗೆ. ನೀವು ಗಾಳ ಹಾಕುವವರಲ್ಲವೇ, ನೂರಿಪ್ಪತ್ತು ಡಾಲರ್‌ನಲ್ಲಿ ಆದೀತೇ ಹೇಳಿ" ಎಂದು ಕೇಳಿದಳು.

ನನಗೆ ಗೊತ್ತಿರುವುದು ಊರಿನ ಗಾಳ. ಫ್ಲೈ ರಾಡ್ ಬೇರೆಯೇ ಜಾತಿ. ಕೆಲವು ವಾರ ಓದಿದೆ, ಬಲ್ಲವರನ್ನು ಕೇಳಿದೆ. ಉತ್ತರ ಹೀಗಿದೆ: ಖಂಡಿತ ಆಗುತ್ತದೆ. ಹಣವಿಲ್ಲದ ಕಾರಣಕ್ಕೆ ಒಪ್ಪಿಕೊಳ್ಳಬೇಕಾದ ಎರಡನೇ ದರ್ಜೆಯ ಉತ್ತರವಲ್ಲ ಇದು. ಅವರು ಹೋಗುವಂತಹ ಚಿಕ್ಕ ತೊರೆಗೆ ಸಾವಿರ ಡಾಲರ್‌ನ ಕೋಲಿಗಿಂತ ಐವತ್ತು ಡಾಲರ್‌ನ ಕೋಲೇ ಎಷ್ಟೋ ಸಲ ಚೆನ್ನಾಗಿ ಕೆಲಸ ಮಾಡುತ್ತದೆ. ಯಾಕೆ ಎಂದು ತಿಳಿಯಬೇಕಾದರೆ ಈ ಕೋಲು ಮಾಡುವ ಕೆಲಸವೇನೆಂದು ಮೊದಲು ಅರ್ಥ ಮಾಡಿಕೊಳ್ಳಬೇಕು.

ಭಾರ ಇರುವುದು ದಾರದಲ್ಲಿ

ನಮ್ಮ ಗಾಳದಲ್ಲಿ ಎರೆಹುಳು, ಸೀಸದ ಗುಂಡು, ಬೆಂಡು ಇರುತ್ತವೆ. ಬೀಸಿದರೆ ಆ ಭಾರವೇ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಎಂದರೆ ಪುಟ್ಟ ಕೊಕ್ಕೆಗೆ ಗರಿ, ತುಪ್ಪಳ, ನೂಲು ಸುತ್ತಿ ಮಾಡಿದ ಕೃತಕ ಹುಳು. ನೀರ ಮೇಲೆ ಹಾರುವ ಕೀಟದಂತೆಯೋ, ಕಲ್ಲಿನಡಿಯ ಮರಿಹುಳದಂತೆಯೋ ಕಾಣುತ್ತದೆ. ಅದಕ್ಕೆ ತೂಕವೇ ಇಲ್ಲವೆನ್ನಬಹುದು. ಹತ್ತಿಯ ಎಳೆಯನ್ನು ದೂರ ಎಸೆಯಲು ಸಾಧ್ಯವೇ? ಆದ್ದರಿಂದ ಇಲ್ಲಿ ದಾರವನ್ನೇ ದಪ್ಪವಾಗಿ, ಭಾರವಾಗಿ ಮಾಡಿರುತ್ತಾರೆ. ಕೋಲನ್ನು ಹಿಂದಕ್ಕೆ ಮುಂದಕ್ಕೆ ಬೀಸಿದಾಗ ದಾರದ ಭಾರಕ್ಕೆ ಕೋಲು ಬಾಗುತ್ತದೆ, ಬಾಗಿದ ಕೋಲು ನೇರವಾಗುವಾಗ ದಾರವನ್ನು ಚಿಮ್ಮಿಸುತ್ತದೆ, ದಾರದ ತುದಿಯಲ್ಲಿರುವ ಹುಳು ಸುಮ್ಮನೆ ಹಿಂಬಾಲಿಸುತ್ತದೆ.

ದಾರದ ತೂಕಕ್ಕೆ ನಂಬರ್‌ಗಳಿವೆ. ನಂಬರ್ ಹೆಚ್ಚಾದಂತೆ ಭಾರ ಹೆಚ್ಚು. ಈ ನಂಬರನ್ನು ನಿರ್ಧರಿಸುವುದು ದಾರದ ಮೊದಲ 30 ಅಡಿಯ ತೂಕದಿಂದ. 3ನೇ ನಂಬರಿನದ್ದು ಸುಮಾರು ಆರೂವರೆ ಗ್ರಾಂ, 4ನೆಯದ್ದು ಎಂಟು ಗ್ರಾಂಗೆ ತುಸು ಕಡಿಮೆ, 5ನೆಯದ್ದು ಒಂಬತ್ತು ಗ್ರಾಂ. ಯಾವ ನಂಬರಿನ ದಾರಕ್ಕೆ ಕೋಲು ಹೊಂದುತ್ತದೋ ಆ ನಂಬರನ್ನು ಕೋಲಿನ ಹಿಡಿಯ ಮೇಲ್ಭಾಗದಲ್ಲಿ ಬರೆದಿರುತ್ತಾರೆ. ಕೋಲು ಒಂದು ನಂಬರ್, ದಾರ ಇನ್ನೊಂದು ನಂಬರ್ ಕೊಂಡರೆ ಆಟ ಕೆಡುತ್ತದೆ.

ಈಗ ಗಮನಿಸಿ. ಲೆಕ್ಕ ಇರುವುದು 30 ಅಡಿ ದಾರ ಹೊರಗಿರುವಾಗ. ಬೆಟ್ಟದ ಚಿಕ್ಕ ತೊರೆಯಲ್ಲಿ ಮೀನು ನಿಂತಿರುವುದು ಹದಿನೈದು ಇಪ್ಪತ್ತು ಅಡಿ ದೂರದಲ್ಲಿ. ಅಂದರೆ ಕೋಲಿನ ತುದಿಯಿಂದ ಹೊರಗೆ ಹತ್ತು ಹನ್ನೆರಡು ಅಡಿ ದಾರವೂ ಇರುವುದಿಲ್ಲ. ಲೆಕ್ಕದ ಅರ್ಧ ಭಾರವೂ ಕೋಲಿಗೆ ಸಿಗುವುದಿಲ್ಲ. ದುಬಾರಿ ಕೋಲುಗಳಲ್ಲಿ ಬಹಳಷ್ಟು ಗಟ್ಟಿ ಬೆನ್ನಿನವು, ದೊಡ್ಡ ನದಿಯಲ್ಲಿ ಗಾಳಿಯನ್ನು ಸೀಳಿ ದೂರಕ್ಕೆ ಎಸೆಯಲೆಂದು ಮಾಡಿದವು. ಇಷ್ಟು ಕಡಿಮೆ ಭಾರಕ್ಕೆ ಅವು ಬಾಗುವುದೇ ಇಲ್ಲ. ಬಾಗದ ಕೋಲು ಚಿಮ್ಮುವುದಿಲ್ಲ. ಹುಡುಗ ಇನ್ನಷ್ಟು ಬಲವಾಗಿ ಬೀಸುತ್ತಾನೆ, ದಾರ ತಲೆಗೆ ಸುತ್ತಿಕೊಳ್ಳುತ್ತದೆ.

ದೂರ ಎಸೆಯುವುದೇ ಒಂದು ವಿದ್ಯೆ, ಅಲ್ಲಗಳೆಯುವುದಿಲ್ಲ. ಅಮೆರಿಕದ ಜೋನ್ ವುಲ್ಫ್ ಎಂಬ ಮಹಿಳೆ 1960ರಲ್ಲಿ 161 ಅಡಿ ದೂರಕ್ಕೆ ಫ್ಲೈ ಎಸೆದು ಗಂಡಸರನ್ನೂ ಬೆರಗುಗೊಳಿಸಿದ್ದರು. ಆದರೆ ಹದಿನೈದು ಅಡಿಯ ಕೆಲಸಕ್ಕೆ 161 ಅಡಿಯ ಶಕ್ತಿಯನ್ನು ದುಡ್ಡು ಕೊಟ್ಟು ಕೊಳ್ಳುವುದೆಂದರೆ, ಮನೆಯ ಬಾವಿಯಿಂದ ನೀರು ಸೇದಲು ತೋಟದ ದೊಡ್ಡ ಪಂಪ್ ಕೂರಿಸಿದಂತೆ.

ಆ ತೊರೆಗಳು ಎಂಥವು?

ನಾಕ್ಸ್‌ವಿಲ್‌ನಿಂದ ಗಂಟೆಯೊಳಗಿನ ದಾರಿಯಲ್ಲಿ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನ ಸಿಗುತ್ತದೆ. ಟೆನ್ನೆಸ್ಸಿ ಮತ್ತು ನಾರ್ತ್ ಕೆರೊಲಿನಾ ರಾಜ್ಯಗಳ ಗಡಿಯಲ್ಲಿರುವ ಈ ಬೆಟ್ಟಸಾಲಿನಲ್ಲಿ ಸಾವಿರಾರು ಮೈಲು ಉದ್ದದ ತೊರೆಗಳಿವೆ. ಮಳೆ ಹೆಚ್ಚು, ಮಂಜು ಹೆಚ್ಚು, ಚಿತ್ರ ನೋಡಿದರೆ ನಮ್ಮ ಆಗುಂಬೆ, ಚಾರ್ಮಾಡಿಯ ನೆನಪಾಗುತ್ತದೆ. ತೊರೆಯ ಎರಡೂ ಬದಿಗೆ ರೋಡೊಡೆಂಡ್ರಾನ್ ಎಂಬ, ಎಲೆ ಉದುರಿಸದ ಪೊದೆ ಒತ್ತಾಗಿ ಬೆಳೆದು, ನೀರಿನ ಮೇಲೆ ಚಪ್ಪರದಂತೆ ಬಾಗಿರುತ್ತದೆ. ಮೇಲಕ್ಕೆ ಹೋದಂತೆ ತೊರೆಯ ಅಗಲ ನಮ್ಮ ತೋಟದ ತೋಡಿನಷ್ಟೇ.

ಇಲ್ಲಿಯ ಮೂಲನಿವಾಸಿ ಟ್ರೌಟ್ ಒಂದೇ, ಬ್ರೂಕ್ ಟ್ರೌಟ್. ಸ್ಥಳೀಯರು ಪ್ರೀತಿಯಿಂದ ಸ್ಪೆಕ್ ಎನ್ನುತ್ತಾರೆ. ಕಡು ಬೆನ್ನಿನ ಮೇಲೆ ಹುಳು ಹರಿದಂತಹ ಗೆರೆಗಳು, ಪಕ್ಕದಲ್ಲಿ ನೀಲಿ ಸುತ್ತಿನ ಕೆಂಪು ಚುಕ್ಕೆಗಳು, ಕಿತ್ತಳೆ ಬಣ್ಣದ ರೆಕ್ಕೆಗೆ ಬಿಳಿ ಅಂಚು. ಒಂಬತ್ತು ಇಂಚು ಮೀರುವುದು ಅಪರೂಪ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮರದ ಕಂಪೆನಿಗಳು ಬೆಟ್ಟಗಳನ್ನು ಬೋಳಿಸಿದವು. ನೆರಳು ಹೋಗಿ ನೀರು ಬಿಸಿಯಾಯಿತು, ಮಣ್ಣು ಕೊಚ್ಚಿ ಬಂದು ಮೊಟ್ಟೆಯಿಡುವ ಜಾಗ ಮುಚ್ಚಿತು. ಬಳಿಕ ಹೊರಗಿನಿಂದ ರೇನ್‌ಬೋ ಟ್ರೌಟ್, ಬ್ರೌನ್ ಟ್ರೌಟ್ ತಂದುಬಿಟ್ಟರು, ಅವು ಕೆಳಗಿನ ತೊರೆಗಳನ್ನು ಆಕ್ರಮಿಸಿದವು. ಹೀಗೆ ಬ್ರೂಕ್ ಟ್ರೌಟ್ ತಾನಿದ್ದ ನೀರಿನ ಮುಕ್ಕಾಲು ಭಾಗವನ್ನು ಕಳಕೊಂಡು ಎತ್ತರದ ತಣ್ಣನೆಯ ಸಣ್ಣ ತೊರೆಗಳಲ್ಲಿ ಉಳಿಯಿತು. ಉದ್ಯಾನ 1934ರಲ್ಲಿ ಸ್ಥಾಪನೆಯಾಯಿತು. ಈ ಮೀನನ್ನು ಹಿಡಿಯುವುದಕ್ಕೆ 1976ರಲ್ಲಿ ನಿಷೇಧ ಬಂತು. ಮೂವತ್ತು ವರ್ಷಗಳ ಬಳಿಕ, 2006ರಲ್ಲಿ, ಸಂಖ್ಯೆ ಸ್ಥಿರವಾಗಿದೆಯೆಂದು ಕಂಡಮೇಲೆ ಮತ್ತೆ ಅನುಮತಿ ಸಿಕ್ಕಿತು.

ಇಂತಹ ಜಾಗದಲ್ಲಿ ಅಂಗಡಿಯವರು ಸಾಮಾನ್ಯವಾಗಿ ಎಲ್ಲರಿಗೂ ಕೊಡುವ 9 ಅಡಿಯ, 5ನೇ ನಂಬರಿನ ಕೋಲು ಹಿಡಿದು ಹೋದರೆ ಅದು ಮೀನಿಗಿಂತ ಹೆಚ್ಚಾಗಿ ಎಲೆಗಳನ್ನೇ ಹಿಡಿದೀತು. ಹಿಂದಕ್ಕೆ ಬೀಸಲು ಜಾಗವಿಲ್ಲ. ಮೊಣಕಾಲೂರಿ, ಪೊದೆಯ ಕೆಳಗೆ ಕೋಲನ್ನು ಅಡ್ಡಡ್ಡ ಆಡಿಸಬೇಕು. ಕೆಲವೊಮ್ಮೆ ಬೀಸುವುದೂ ಸಾಧ್ಯವಿಲ್ಲ. ಆಗ ಕೊಕ್ಕೆಯ ಬಾಗನ್ನು ಎರಡು ಬೆರಳಲ್ಲಿ ಜಾಗ್ರತೆಯಿಂದ ಹಿಡಿದು, ದಾರ ಎಳೆದು, ಕೋಲಿನ ತುದಿಯನ್ನು ಬಿಲ್ಲಿನಂತೆ ಬಗ್ಗಿಸಿ ಬಿಡುತ್ತಾರೆ. ಬಾಣದಂತೆ ಹುಳು ಮುಂದೆ ಹಾರುತ್ತದೆ. ಮೆದು ಕೋಲಿದ್ದರೆ ಮಾತ್ರ ಇದು ಸಲೀಸು.

ಹಾಗಾದರೆ ಯಾವುದು?

ನಾನು ಕೊಟ್ಟ ಸಲಹೆ: ಏಳರಿಂದ ಏಳೂವರೆ ಅಡಿ ಉದ್ದ, 3 ಅಥವಾ 4ನೇ ನಂಬರ್, ಮೆದುವಾಗಿ ಬುಡದವರೆಗೂ ಬಾಗುವ ಕೋಲು. ಆರು ಅಡಿಯವೂ ಸಿಗುತ್ತವೆ, ನೋಡಲು ಚೆಂದ, ಪೊದೆಯೊಳಗೆ ನುಸುಳಲು ಸುಲಭ. ಆದರೆ ಕಲಿಯುವವರಿಗೆ ತೀರಾ ಗಿಡ್ಡ ಕೋಲು ಕಷ್ಟ. ನೀರಿನ ಸೆಳೆತಕ್ಕೆ ದಾರ ಸಿಗದಂತೆ ಎತ್ತಿ ಹಿಡಿಯಲು ಸ್ವಲ್ಪ ಉದ್ದ ಬೇಕು. ಕೆಳಗಿನ ಅಗಲ ತೊರೆಗಳಲ್ಲಿ, ಉದಾಹರಣೆಗೆ ಲಿಟಲ್ ರಿವರ್‌ನಲ್ಲಿ, ಉದ್ದ ಕೋಲೇ ವಾಸಿ ಎನ್ನುವವರಿದ್ದಾರೆ. ಅವರ ಮಾತೂ ಸರಿ. ಹುಡುಗ ಮೊದಲು ಹೋಗುವುದೆಲ್ಲಿಗೆ ಎಂಬುದರ ಮೇಲೆ ನಿರ್ಧಾರ.

ಇನ್ನು ಯಾವುದರಿಂದ ಮಾಡಿದ್ದು? ಹಿಂದೆ ಚೀನಾದ ಟೊಂಕಿನ್ ಬಿದಿರನ್ನು ಸೀಳಿ, ಆರು ಪಟ್ಟಿಗಳನ್ನು ಅಂಟಿಸಿ ಕೋಲು ಮಾಡುತ್ತಿದ್ದರು. ಈಗಲೂ ಮಾಡುವವರಿದ್ದಾರೆ, ಆದರೆ ಬೆಲೆ ನಮ್ಮ ಮಾತಿನ ವ್ಯಾಪ್ತಿಗೆ ಬರುವುದಿಲ್ಲ. ಎರಡನೇ ಮಹಾಯುದ್ಧದ ನಂತರ ಫೈಬರ್ ಗ್ಲಾಸ್ ಬಂತು, 1970ರ ದಶಕದಲ್ಲಿ ಗ್ರಾಫೈಟ್, ಅಂದರೆ ಕಾರ್ಬನ್ ನಾರಿನ ಕೋಲು ಬಂತು. ಗ್ರಾಫೈಟ್ ಹಗುರ ಮತ್ತು ಚುರುಕು, ಹಾಗಾಗಿ ಫೈಬರ್ ಗ್ಲಾಸ್ ಹಳಬರ ವಸ್ತುವೆಂದು ಮೂಲೆ ಸೇರಿತು. ಆದರೆ ಚಿಕ್ಕ ತೊರೆಯವರು ಅದನ್ನು ಬಿಡಲಿಲ್ಲ. ಅದು ನಿಧಾನವಾಗಿ ಬಾಗುತ್ತದೆ, ಹತ್ತಡಿ ದಾರದ ಭಾರಕ್ಕೂ ಸ್ಪಂದಿಸುತ್ತದೆ. ಆರಿಂಚಿನ ಮೀನು ಸಿಕ್ಕರೂ ಕೈಗೆ ಅದರ ಜೀವ ತಿಳಿಯುತ್ತದೆ. ಕಲ್ಲಿಗೆ ತಾಗಿದರೆ, ಹುಡುಗ ಜಾರಿ ಬಿದ್ದರೆ ಗ್ರಾಫೈಟ್‌ನಷ್ಟು ಸುಲಭವಾಗಿ ಮುರಿಯುವುದೂ ಇಲ್ಲ. ಈಗಲ್ ಕ್ಲಾ ಕಂಪೆನಿಯ ಹಳದಿ ಬಣ್ಣದ ಫೈಬರ್ ಗ್ಲಾಸ್ ಕೋಲು ಅಮೆರಿಕದಲ್ಲಿ ಬಹು ಕಾಲದಿಂದ ಬಡವರ ಮಿತ್ರನೆಂದು ಹೆಸರು ಪಡೆದಿದೆ. ಹಿಡಿ, ಬಳೆಗಳ ಕೆಲಸ ಅಷ್ಟಕ್ಕಷ್ಟೇ, ಆದರೆ ಕೋಲು ಪ್ರಾಮಾಣಿಕ. ಫೈಬರ್ ಗ್ಲಾಸ್ ಎಂದ ಕೂಡಲೇ ಅಗ್ಗವೆಂದು ತಿಳಿಯಬೇಡಿ, ಕೈಯಲ್ಲಿ ಮಾಡಿದ ಶೋಕಿಯ ಕೋಲುಗಳಿಗೆ ಅಲ್ಲೂ ನೂರಾರು ಡಾಲರ್ ಇದೆ.

ಕೋಲು, ರೀಲು, ದಾರ ಎಲ್ಲ ಸೇರಿಸಿ ನೂರರಿಂದ ಇನ್ನೂರು ಡಾಲರ್ ನಡುವೆ ಮಾರುವ ಜೋಡಿಗಳೂ ಇವೆ. ನಂಬರ್ ಹೊಂದಾಣಿಕೆಯ ಚಿಂತೆ ಇಲ್ಲ ಎಂಬುದು ಅದರ ಲಾಭ. ಆದರೆ ಹೆಚ್ಚಿನವು ಅದೇ 9 ಅಡಿ, 5ನೇ ನಂಬರಿನವು. ಕೇಳಿ, ಚಿಕ್ಕದ್ದು ತರಿಸಿಕೊಳ್ಳಬೇಕು. ಅಲ್ಲಿಯ ಮನೆಗಳ ಅಂಗಳದಲ್ಲಿ ಹಳೆಯ ಸಾಮಾನು ಮಾರುತ್ತಾರಲ್ಲ, ಅಲ್ಲಿ ಹಳೆಯ ಫೈಬರ್ ಗ್ಲಾಸ್ ಕೋಲು ಸಿಕ್ಕರೂ ಬಿಡಬಾರದು. ಜೋಡಿಸಿ ನೋಡಿ, ಕೀಲು ಅಲ್ಲಾಡುತ್ತದೆಯೇ? ದಾರ ಹಾಯುವ ಬಳೆಗಳು ಒಂದೇ ಸಾಲಿನಲ್ಲಿವೆಯೇ? ಬೆರಳಾಡಿಸಿದರೆ ಎಲ್ಲಾದರೂ ಬಿರುಕು ತಾಗುತ್ತದೆಯೇ? ತುದಿಯ ಬಳೆಯಲ್ಲಿ ದಾರ ತೇದು ಕಚ್ಚು ಬಿದ್ದಿದೆಯೇ? ಬಳೆ ಹೊಸತು ಹಾಕಿಸಬಹುದು, ಬಿರುಕು ಬಿಟ್ಟ ಕೋಲು ಬೇಡ.

ಉಳಿಸುವುದು ಎಲ್ಲಿ, ಖರ್ಚು ಮಾಡುವುದು ಎಲ್ಲಿ?

ರೀಲಿನಲ್ಲಿ ಧಾರಾಳವಾಗಿ ಉಳಿಸಿ. ಸಮುದ್ರದ ದೊಡ್ಡ ಮೀನು ಎಳೆದೋಡುವಾಗ ಒಳ್ಳೆಯ ಬ್ರೇಕಿನ ರೀಲು ಬೇಕು. ಏಳಿಂಚಿನ ಮೀನು ಎಲ್ಲಿಗೆ ಓಡೀತು? ಇಲ್ಲಿ ರೀಲು ಎಂದರೆ ದಾರ ಸುತ್ತಿಡುವ ಲಾಳಿ ಮಾತ್ರ. ಮೀನನ್ನು ಕೈಯಿಂದಲೇ ದಾರ ಎಳೆದು ತರುತ್ತಾರೆ. ಇಪ್ಪತ್ತೈದು ಮೂವತ್ತು ಡಾಲರ್‌ನದ್ದು ಸಾಕು.

ದಾರದಲ್ಲಿ ಜಿಪುಣತನ ಬೇಡ. ಒಡೆದ, ಸುರುಳಿ ಸುರುಳಿಯಾದ ಅಗ್ಗದ ದಾರ ಎಂತಹ ಕೋಲನ್ನೂ ಕೆಡಿಸುತ್ತದೆ. ಇಲ್ಲೂ ಒಂದು ಉಳಿತಾಯವಿದೆ. ಡಬಲ್ ಟೇಪರ್ ಎಂಬ ದಾರ ಎರಡೂ ತುದಿಗೆ ಒಂದೇ ರೀತಿ ಸಪೂರವಾಗುತ್ತ ಹೋಗುತ್ತದೆ. ಒಂದು ತುದಿ ಸವೆದ ಮೇಲೆ ತಿರುಗಿಸಿ ಸುತ್ತಿಕೊಂಡರೆ ಹೊಸ ದಾರವೇ. ಬೆಡ್‌ಶೀಟಿನ ನಡು ತೆಳುವಾದಾಗ ಸೀಳಿ, ಅಂಚುಗಳನ್ನು ನಡುವಿಗೆ ತಂದು ಹೊಲಿಯುತ್ತಿದ್ದ ನಮ್ಮ ಅಜ್ಜಿಯಂದಿರು ಮೆಚ್ಚುವಂತಹ ಉಪಾಯ. ಚಿಕ್ಕ ತೊರೆಗೆ ಈ ದಾರ ಚೆನ್ನಾಗಿ ಒಗ್ಗುತ್ತದೆ ಕೂಡ. ಕೋಲು ತೀರಾ ಗಟ್ಟಿಯೆನಿಸಿದರೆ ಒಂದು ನಂಬರ್ ಹೆಚ್ಚಿನ ದಾರ ಹಾಕಿ ಮೆದುವಾಗಿಸುವುದೂ ಉಂಟು. 3ನೇ ನಂಬರಿನ ಕೋಲಿಗೆ 4ನೇ ನಂಬರಿನ ದಾರ, ಅಷ್ಟೇ. ಅದಕ್ಕಿಂತ ಮುಂದೆ ಹೋಗಬಾರದು. ದಾರದ ತುದಿಗೆ ಲೀಡರ್ ಎಂಬ ಪಾರದರ್ಶಕ ಎಳೆ, ಏಳೂವರೆ ಅಡಿ ಅಥವಾ ಇನ್ನೂ ಗಿಡ್ಡ. ಫ್ಲೈಗಳು ಎಂಟು ಹತ್ತು ಸಾಕು, ಏಕೆಂದರೆ ಬೆಟ್ಟದ ತಣ್ಣನೆಯ ತೊರೆಯಲ್ಲಿ ಆಹಾರ ಕಡಿಮೆ, ಮೀನಿಗೆ ಆರಿಸುವಷ್ಟು ಪುರುಸೊತ್ತಿಲ್ಲ.

ಇದೆಲ್ಲ ಕೂಡಿ ಅವಳ ನೂರಿಪ್ಪತ್ತು ಡಾಲರ್‌ನೊಳಗೆ ಬಂತು. ಬೇಸಗೆಯಲ್ಲಿ ನೀರಿಗಿಳಿಯಲು ರಬ್ಬರ್ ಪ್ಯಾಂಟು ಬೇಕಿಲ್ಲ, ಹಿಡಿತವಿರುವ ಹಳೆಯ ಶೂ, ದಪ್ಪ ಕಾಲುಚೀಲ ಸಾಕು. ಪಾಚಿಗಟ್ಟಿದ ಕಲ್ಲಿನ ಮೇಲೆ ಬರಿಗಾಲು ಮಾತ್ರ ಬೇಡ.

ರೀಲೇ ಇಲ್ಲದ ಜಪಾನಿ ಕೋಲು

ಇದಕ್ಕಿಂತಲೂ ಸರಳವಾದದ್ದು ಜಪಾನಿನಲ್ಲಿದೆ, ಹೆಸರು ತೆಂಕಾರ. ಅಲ್ಲಿಯ ಬೆಟ್ಟದ ತೊರೆಗಳಲ್ಲಿ ಇವಾನ, ಯಮಾಮೆ ಎಂಬ ಮೀನು ಹಿಡಿದು ಮಾರಿ ಬದುಕುತ್ತಿದ್ದವರ ಪದ್ಧತಿ ಇದು. ಉದ್ದದ ಕೋಲು, ಅದರ ತುದಿಗೇ ಕಟ್ಟಿದ ದಾರ, ಒಂದು ಹುಳು. ರೀಲಿಲ್ಲ, ಬಳೆಗಳಿಲ್ಲ. ನಮ್ಮ ಬಿದಿರಿನ ಗಾಳದ ಖಾಸಾ ಸೋದರ! ಇಂದು ಕಾರ್ಬನ್ನಿನಿಂದ, ಕೊಡೆಯ ಹಿಡಿಯಂತೆ ಒಂದರೊಳಗೊಂದು ಸೇರುವಂತೆ ಮಾಡುತ್ತಾರೆ. ಹನ್ನೊಂದು ಹನ್ನೆರಡು ಅಡಿಯ ಕೋಲು ಮಡಚಿದರೆ ಶಾಲೆಯ ಚೀಲದಲ್ಲಿ ಹಿಡಿಸುತ್ತದೆ. 2009ರಿಂದ ಅಮೆರಿಕದಲ್ಲಿ ಇದಕ್ಕೆಂದೇ ಕಂಪೆನಿ ಹುಟ್ಟಿಕೊಂಡು ಹೊಸ ಗಿರಾಕಿಗಳನ್ನು ಗಳಿಸಿತು. ಮಗುವಿಗೆ ಅರ್ಧ ಗಂಟೆಯಲ್ಲಿ ಕಲಿಸಬಹುದು.

ಸ್ಮೋಕಿ ಬೆಟ್ಟದ ಚಪ್ಪರದ ಕೆಳಗೆ ಹನ್ನೆರಡು ಅಡಿ ಉದ್ದ ಎತ್ತುವುದು ಕಷ್ಟ, ಅಲ್ಲಿಗೆ ಎಂಟೊಂಬತ್ತು ಅಡಿಯವನ್ನು ಆರಿಸಬೇಕು. ಕೊಕ್ಕೆ ಕೊಂಬೆಗೆ ಸಿಕ್ಕಿಕೊಂಡರೆ ಕೋಲಿನಿಂದ ಜಗ್ಗಬಾರದು, ಸಪೂರ ತುದಿ ಮುರಿಯುತ್ತದೆ ಅಥವಾ ಕೀಲು ಬಿಡಿಸಲಾಗದಂತೆ ಕಚ್ಚಿಕೊಳ್ಳುತ್ತದೆ. ದಾರವನ್ನೇ ಕೈಯಲ್ಲಿ ಹಿಡಿದು ಎಳೆಯಬೇಕು. ಹುಡುಗನ ಒಂಬತ್ತು ವರ್ಷದ ತಂಗಿಗೂ ಆಸೆಯಿದೆಯೆಂದು ತಾಯಿ ಹೇಳಿದಾಗ ನಾನು ಇದನ್ನೇ ಸೂಚಿಸಿದೆ. ಎರಡನೆಯ ಕೋಲಿಗೆ ಇನ್ನೊಂದು ರೀಲು, ಇನ್ನೊಂದು ದಾರದ ಖರ್ಚಿಲ್ಲವಲ್ಲ.

ತಾಯಂದಿರೂ ಕೈಹಚ್ಚಬಹುದೇ ಎಂದರೆ ಧಾರಾಳವಾಗಿ. ಇದು ತೋಳ್ಬಲದ ಕೆಲಸವಲ್ಲ, ಲಯದ ಕೆಲಸ. 1996ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಆರಂಭವಾದ ಕಾಸ್ಟಿಂಗ್ ಫಾರ್ ರಿಕವರಿ ಎಂಬ ಸಂಸ್ಥೆ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಮಹಿಳೆಯರಿಗೆ ಉಚಿತ ಶಿಬಿರಗಳಲ್ಲಿ ಈ ವಿದ್ಯೆ ಕಲಿಸುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಬಿಗಿಯುವ ತೋಳು, ಭುಜಕ್ಕೆ ಈ ಮೆಲ್ಲನೆಯ ಬೀಸು ಹಿತಕರ ಎಂಬುದು ಅದರ ಹಿಂದಿನ ವಿಚಾರ. ತೊರೆಗೆ ಹೋಗುವ ಮೊದಲು ಹುಲ್ಲಿನ ಮೇಲೆ ಅಭ್ಯಾಸ ಮಾಡಬೇಕು, ಕೊಕ್ಕೆಯ ಬದಲು ಉಣ್ಣೆಯ ತುಂಡು ಕಟ್ಟಿ. ಕಣ್ಣಿಗೆ ಕನ್ನಡಕ ಇರಲಿ.

ಕಾನೂನು ಮತ್ತು ದಯೆ

ಉದ್ಯಾನದಲ್ಲಿ ವರ್ಷವಿಡೀ ಮೀನು ಹಿಡಿಯಬಹುದು, ಆದರೆ ಎರಡರಲ್ಲಿ ಒಂದು ರಾಜ್ಯದ ಪರವಾನಗಿ ಬೇಕು. ಟೆನ್ನೆಸ್ಸಿಯಲ್ಲಿ 13 ವರ್ಷದೊಳಗಿನ ಮಕ್ಕಳಿಗೆ ಬೇಡ. ಹುಡುಗನಿಗೆ ಇನ್ನೊಂದು ವರ್ಷ ಮಾತ್ರ ಈ ಸವಲತ್ತು. ಜೊತೆಗೆ ಕೋಲು ಹಿಡಿಯುವ ತಂದೆತಾಯಿಗೆ ಪರವಾನಗಿ ಇರಲೇಬೇಕು, ಅದರ ಹಣ ಬೇರೆ ತೆಗೆದಿಡಿ. ಎರೆಹುಳು, ಜೋಳ ಮುಂತಾದ ತಿನ್ನುವ ಆಮಿಷ ನಿಷಿದ್ಧ, ಒಂಟಿ ಕೊಕ್ಕೆಯ ಕೃತಕ ಹುಳು ಮಾತ್ರ. ಏಳಿಂಚಿಗಿಂತ ಚಿಕ್ಕದ್ದನ್ನು ಇಟ್ಟುಕೊಳ್ಳುವಂತಿಲ್ಲ, ಒಬ್ಬರಿಗೆ ದಿನಕ್ಕೆ ಐದು ಟ್ರೌಟ್. ನೀರಿನ ಕಲ್ಲುಗಳನ್ನು ಎತ್ತಿ ಅಣೆಕಟ್ಟು ಕಟ್ಟುವ ಮಕ್ಕಳಾಟಕ್ಕೂ ತಡೆಯಿದೆ, ಆ ಕಲ್ಲುಗಳಡಿ ಹೆಲ್‌ಬೆಂಡರ್ ಎಂಬ ದೊಡ್ಡ ಸಲಮಾಂಡರ್ ಮೊಟ್ಟೆಯಿಡುತ್ತದೆ.

ಅಲ್ಲಿ ಬಹಳ ಮಂದಿ ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುತ್ತಾರೆ. ಬರೀ ಮೋಜಿಗೆಂದು ಒಂದು ಜೀವಿಯ ಬಾಯಿಗೆ ದಿನವಿಡೀ ಕೊಕ್ಕೆ ಚುಚ್ಚುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಮನೆಗೆ ಬೇಕಾದ ಎರಡು ಮೂರು ಹಿಡಿದು, ಹುರಿದು ತಿಂದು, ಕೋಲು ಮಡಚುವುದು ಲೇಸು. ಚಿಕ್ಕದ್ದು ಸಿಕ್ಕಿ ಬಿಡಲೇಬೇಕಾದಾಗ ಅದಕ್ಕೆ ಕಡಿಮೆ ನೋವಾಗಲಿ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಮೊದಲೇ ಅದುಮಿಡಬೇಕು, ಕೈ ಒದ್ದೆ ಮಾಡಿಕೊಂಡೇ ಮೀನನ್ನು ಮುಟ್ಟಬೇಕು. ಒಣ ಕೈ ಅದರ ಮೈಯ ಲೋಳೆಯನ್ನು ಕೀಳುತ್ತದೆ.

ನಮ್ಮೂರ ತೋಡುಗಳಲ್ಲಿ ಟ್ರೌಟ್ ಇಲ್ಲ. ಹತ್ತಿರವೆಂದರೆ ನೀಲಗಿರಿ, ಅಲ್ಲಿ ಬ್ರಿಟಿಷರ ಕಾಲದಲ್ಲಿ ತಂದುಬಿಟ್ಟ ರೇನ್‌ಬೋ ಟ್ರೌಟ್ ಇದೆ. ಕಾಶ್ಮೀರಕ್ಕೆ 1899ರಲ್ಲಿ ತರಿಸಿದ ಬ್ರೌನ್ ಟ್ರೌಟ್ ಮೊಟ್ಟೆಗಳು ದಾರಿಯಲ್ಲೇ ಹಾಳಾಗಿ, ಮರುವರ್ಷ ತರಿಸಿದವು ಉಳಿದವು. ಕೋಕರ್‌ನಾಗ್‌ನ ಬ್ರಿಂಗಿಯಂತಹ ತೊರೆಗಳಲ್ಲಿ ಇಂದಿಗೂ ಮೀನುಗಾರಿಕಾ ಇಲಾಖೆಯ ಪರವಾನಗಿ ಪಡೆದು ಫ್ಲೈ ಹಾಕುತ್ತಾರೆ. ಅಲ್ಲಿಗೆ ಪ್ರವಾಸ ಹೋಗುವವರು ಕೋಲು ಕೊಳ್ಳುವುದೇಕೆ? ಬಾಡಿಗೆಗೆ ಕೊಡುವವರಿದ್ದಾರೆ.

ಕೊನೆಗೆ ಕೋಲಿನ ಆರೈಕೆ. ಫ್ಲೈ ರಾಡ್‌ಗಳನ್ನು ಮೀನು ಮುರಿಯುವುದು ಅಪರೂಪ. ಮುರಿಯುವುದು ಕಾರಿನ ಬಾಗಿಲು ಮತ್ತು ಮನೆಯ ಸೀಲಿಂಗ್ ಫ್ಯಾನ್. ಆದ್ದರಿಂದ ಜೋಡಿಸುವುದು ತೊರೆಯ ದಡದಲ್ಲಿ, ಬಿಡಿಸುವುದೂ ಅಲ್ಲೇ. ಕಾರ್ಬನ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ. ವಿದ್ಯುತ್ ತಂತಿಯ ಕೆಳಗೆ ಅದನ್ನು ಎತ್ತಬಾರದು, ಗುಡುಗು ಕೇಳಿದೊಡನೆ ಕೆಳಗಿಟ್ಟು ನೀರಿನಿಂದ ಹೊರಬರಬೇಕು. ಆ ಬೆಟ್ಟಗಳಲ್ಲಿ ಬೇಸಗೆಯ ಮಧ್ಯಾಹ್ನದ ಮಳೆಗೆ ತೊರೆ ಬಹುಬೇಗ ಏರುತ್ತದೆ, ಆದಕಾರಣ ಬೆಳಿಗ್ಗೆಯೇ ಹೋಗಿ ಬರುವುದು ಒಳ್ಳೆಯದು. ಮನೆಗೆ ಬಂದ ಮೇಲೆ ಕೋಲನ್ನು ಹಳೆಯ ಹತ್ತಿ ಬಟ್ಟೆಯಲ್ಲಿ ಒರೆಸಿ, ಒಂದು ರಾತ್ರಿ ಗಾಳಿಗೆ ಒಣಗಿಸಿ, ಬಳಿಕವೇ ಕೊಳವೆಗೆ ಹಾಕಿ ಮುಚ್ಚಳ ಬಿಗಿಯಬೇಕು. ಒದ್ದೆಯಾಗಿ ಮುಚ್ಚಿಟ್ಟರೆ ಹಿಡಿಯ ಕಾರ್ಕಿಗೆ ಬೂಸ್ಟು ಹಿಡಿಯುತ್ತದೆ.